ಫಲ ಬೇರೆ, ನಿರ್ಧಾರ ಬೇರೆ: ಒಂದು ಬೇಸ್‌ಬಾಲ್ ಸರಣಿಯಿಂದ ವರ್ತಕರಿಗೆ ಪಾಠ

ಹಂಗಾಮು ಮುಗಿದು ಲೆಕ್ಕ ಕೂಡಿಸುವ ಹೊತ್ತಿಗೆ ಪ್ರತಿಯೊಂದು ಅಂಗಡಿಯಲ್ಲೂ ಪ್ರತಿಯೊಂದು ಕಾರ್ಖಾನೆಯಲ್ಲೂ ಒಂದು ವಿಚಾರಣೆ ನಡೆಯುತ್ತದೆ. ಲಾಭ ಬಂದಿದ್ದರೆ ಸರಕು ಖರೀದಿಸಿದವನು ಜಾಣನೆನಿಸಿಕೊಳ್ಳುತ್ತಾನೆ. ನಷ್ಟವಾಗಿದ್ದರೆ ಅದೇ ವ್ಯಕ್ತಿ ಅವಿವೇಕಿ ಎನಿಸಿಕೊಳ್ಳುತ್ತಾನೆ. ಖರೀದಿಯ ದಿನ ಅವನ ಮುಂದೆ ಯಾವ ಮಾಹಿತಿ ಇತ್ತು, ಬೇರೆ ಯಾವ ದಾರಿಗಳಿದ್ದವು ಎಂದು ಕೇಳುವವರು ವಿರಳ. ಫಲವನ್ನು ನೋಡಿ ನಿರ್ಧಾರಕ್ಕೆ ಬೆಲೆ ಕಟ್ಟುವ ಈ ಅಭ್ಯಾಸ ಸಹಜವಾದರೂ ಬಲು ದುಬಾರಿಯಾದುದು. ಇದರಿಂದ ಸರಿಯಾದ ಪದ್ಧತಿಯೊಂದು ಒಮ್ಮೆ ಸೋತ ಕಾರಣಕ್ಕೆ ಮೂಲೆ ಸೇರುತ್ತದೆ. ತಪ್ಪು ಪದ್ಧತಿಯೊಂದು ಒಮ್ಮೆ ಗೆದ್ದ ಕಾರಣಕ್ಕೆ ಸಂಸ್ಥೆಯ ನಿಯಮವಾಗಿಬಿಡುತ್ತದೆ.

ಈ ವಿಷಯದ ಅಭ್ಯಾಸಕ್ಕೆ ಅಮೆರಿಕದ ಬೇಸ್‌ಬಾಲ್ ಆಟ ಉತ್ತಮ ಸಾಮಗ್ರಿಯನ್ನು ಒದಗಿಸುತ್ತದೆ. ಆ ಆಟದಲ್ಲಿ ಪ್ರತಿಯೊಂದು ಎಸೆತಕ್ಕೂ ಲೆಕ್ಕವಿದೆ; ಪ್ರತಿಯೊಂದು ನಿರ್ಧಾರದ ಬಗೆಗೂ ವಾದ ಹೂಡುವ ಅಭಿಮಾನಿಗಳಿದ್ದಾರೆ. 2004ರ ಅಕ್ಟೋಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ತಂಡಗಳ ನಡುವೆ ನಡೆದ ಸರಣಿಯ ಬಗ್ಗೆ ಎರಡು ನಗರಗಳ ಅಭಿಮಾನಿಗಳು ಎರಡು ದಶಕಗಳಾದರೂ ವಾದ ನಿಲ್ಲಿಸಿಲ್ಲ. ಆ ವಾದಗಳನ್ನು ಒಂದೊಂದಾಗಿ ತೂಗಿ ನೋಡಿದರೆ ವ್ಯವಹಾರಸ್ಥರಿಗೆ ಉಪಯುಕ್ತವಾದ ವಿವೇಚನೆ ದೊರೆಯುತ್ತದೆ.

ಆಟದ ಸಂಕ್ಷಿಪ್ತ ಪರಿಚಯ

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ಕಷ್ಟವಲ್ಲ. ಒಂದು ತಂಡದ ಎಸೆತಗಾರ ಚೆಂಡೆಸೆಯುತ್ತಾನೆ, ಇನ್ನೊಂದು ತಂಡದ ದಾಂಡಿಗ ಹೊಡೆಯುತ್ತಾನೆ. ಹೊಡೆದವನು ಮೂರು ಬೇಸ್‌ಗಳನ್ನು ಕ್ರಮವಾಗಿ ದಾಟಿ, ಹೊರಟ ಸ್ಥಳಕ್ಕೆ ಮರಳಿದರೆ ಒಂದು ಓಟ. ಮೂವರು ಔಟಾದರೆ ಸರದಿ ಬದಲು. ಹೀಗೆ ಒಂಬತ್ತು ಇನಿಂಗ್ಸ್. ಸಮಬಲವಾದರೆ ಒಂದು ತಂಡ ಮುಂದಾಗುವ ತನಕ ಆಟ ಮುಂದುವರಿಯುತ್ತದೆ. ಒಮ್ಮೆ ಹೊರಗೆ ಕರೆಸಿಕೊಂಡ ಆಟಗಾರ ಆ ಪಂದ್ಯಕ್ಕೆ ಮತ್ತೆ ಮರಳುವಂತಿಲ್ಲ. ಆದ್ದರಿಂದ ಯಾರನ್ನು ಯಾವಾಗ ಬಳಸಬೇಕು, ಯಾರನ್ನು ಕಾಯ್ದಿರಿಸಬೇಕು ಎಂದು ತೀರ್ಮಾನಿಸುವ ತಂಡದ ಮ್ಯಾನೇಜರ್‌ನ ಕೆಲಸ, ಸೀಮಿತ ದಾಸ್ತಾನನ್ನು ನಿಭಾಯಿಸುವ ವರ್ತಕನ ಕೆಲಸದಂತೆಯೇ ಇರುತ್ತದೆ.

ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ಅದರಲ್ಲಿ ಮುಂದಿರುವ ಕೆಲವೇ ತಂಡಗಳು ಪ್ಲೇ ಆಫ್ ಎಂಬ ಅಂತಿಮ ಹಂತಕ್ಕೆ ಬರುತ್ತವೆ. ಅಲ್ಲಿ ಅಮೆರಿಕನ್ ಲೀಗ್‌ನ ಪ್ರಶಸ್ತಿಗೆ ಏಳು ಪಂದ್ಯಗಳ ಸರಣಿ. ಮೊದಲು ನಾಲ್ಕು ಗೆದ್ದವರು ವಿಶ್ವ ಸರಣಿಗೆ ಅರ್ಹರು. ಆರು ತಿಂಗಳ ದುಡಿಮೆಯ ತೀರ್ಪು ಹತ್ತೇ ದಿನಗಳಲ್ಲಿ ಆಗಿಹೋಗುತ್ತದೆ.

ಸರಣಿ ನಡೆದ ಬಗೆ

2004ರ ಋತುವಿನಲ್ಲಿ ಯಾಂಕೀಸ್ 101 ಪಂದ್ಯಗಳನ್ನೂ ರೆಡ್ ಸಾಕ್ಸ್ 98 ಪಂದ್ಯಗಳನ್ನೂ ಗೆದ್ದಿದ್ದವು. ಲೀಗ್ ಪ್ರಶಸ್ತಿಗಾಗಿ ಎದುರುಬದುರಾದಾಗ ಮೊದಲ ಮೂರು ಪಂದ್ಯಗಳೂ ಯಾಂಕೀಸ್ ಪಾಲಾದವು: 10-7, 3-1, ಮತ್ತು ಬಾಸ್ಟನ್ನಿನ ಸ್ವಂತ ಮೈದಾನದಲ್ಲಿ 19-8. ಅದುವರೆಗೆ ಏಳು ಪಂದ್ಯಗಳ ಬೇಸ್‌ಬಾಲ್ ಸರಣಿಗಳಲ್ಲಿ 25 ತಂಡಗಳು 0-3ರಿಂದ ಹಿಂದೆ ಬಿದ್ದಿದ್ದವು. ಒಂದಾದರೂ ಸರಣಿ ಗೆದ್ದಿರಲಿಲ್ಲ.

ಅಕ್ಟೋಬರ್ 17ರ ರಾತ್ರಿ ನಾಲ್ಕನೆಯ ಪಂದ್ಯ. ಒಂಬತ್ತನೆಯ ಇನಿಂಗ್ಸ್‌ನಲ್ಲಿ ಯಾಂಕೀಸ್ 4-3ರಿಂದ ಮುಂದಿತ್ತು. ಪಂದ್ಯ ಮುಗಿಸಲು ಬಂದಿದ್ದವನು ಆ ಕೆಲಸದಲ್ಲಿ ಅಗ್ರಗಣ್ಯನಾದ ಎಸೆತಗಾರ ಮರಿಯಾನೊ ರಿವೇರಾ. ಬಾಸ್ಟನ್ನಿನ ಕೆವಿನ್ ಮಿಲ್ಲರ್ ಮೊದಲ ಬೇಸ್ ತಲುಪಿದೊಡನೆ ಮ್ಯಾನೇಜರ್ ಟೆರಿ ಫ್ರಾಂಕೋನಾ ಅವನ ಬದಲಿಗೆ ಓಡಲು ಡೇವ್ ರಾಬರ್ಟ್ಸ್‌ನನ್ನು ಕಳುಹಿಸಿದರು. ದಾಂಡಿಗ ಹೊಡೆಯುವ ಮೊದಲೇ ರಾಬರ್ಟ್ಸ್ ಎರಡನೆಯ ಬೇಸ್‌ಗೆ ನುಗ್ಗಿದ. ಇದನ್ನು ಬೇಸ್ ಕದಿಯುವುದು ಎನ್ನುತ್ತಾರೆ. ಕೂದಲೆಳೆಯ ಅಂತರದಲ್ಲಿ ಅವನು ಉಳಿದುಕೊಂಡ. ಬಿಲ್ ಮುಲ್ಲರ್‌ನ ಹೊಡೆತಕ್ಕೆ ಓಡಿಬಂದು ಪಂದ್ಯವನ್ನು ಸಮಗೊಳಿಸಿದ. ಮಧ್ಯರಾತ್ರಿ ಕಳೆದ ಮೇಲೆ, ಹನ್ನೆರಡನೆಯ ಇನಿಂಗ್ಸ್‌ನಲ್ಲಿ, ಡೇವಿಡ್ ಆರ್ಟಿಜ್ ಹೊಡೆದ ಹೋಂ ರನ್‌ನಿಂದ ಬಾಸ್ಟನ್ 6-4ರಲ್ಲಿ ಗೆದ್ದಿತು. ಅದೇ ದಿನ ಸಂಜೆ ಆರಂಭವಾದ ಐದನೆಯ ಪಂದ್ಯ ಹದಿನಾಲ್ಕು ಇನಿಂಗ್ಸ್ ಬೆಳೆದು 5-4ರಲ್ಲಿ ಬಾಸ್ಟನ್ನಿಗೆ ಸಂದಿತು. ನ್ಯೂಯಾರ್ಕ್‌ನಲ್ಲಿ ನಡೆದ ಆರನೆಯ ಪಂದ್ಯ 4-2, ಏಳನೆಯದು 10-3. ಅನಂತರ ವಿಶ್ವ ಸರಣಿಯಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವನ್ನು 4-0ಯಿಂದ ಸೋಲಿಸಿದ ರೆಡ್ ಸಾಕ್ಸ್, 1918ರ ಬಳಿಕ ಮೊದಲ ಬಾರಿಗೆ ವಿಶ್ವ ಪ್ರಶಸ್ತಿ ಪಡೆಯಿತು.

ಮೊದಲ ವಾದ: ಎಲ್ಲವೂ ಶಾಪದ ಫಲ

ಬಾಸ್ಟನ್ನಿನ ಹಳೆಯ ಅಭಿಮಾನಿಗಳಲ್ಲಿ ಒಂದು ನಂಬಿಕೆ ಬೇರೂರಿತ್ತು. ತಂಡದ ಅಂದಿನ ಮಾಲೀಕ ಹ್ಯಾರಿ ಫ್ರೇಜಿ, ಮಹಾನ್ ಆಟಗಾರ ಬೇಬ್ ರೂತ್‌ನನ್ನು ಒಂದು ಲಕ್ಷ ಡಾಲರುಗಳಿಗೆ ಯಾಂಕೀಸ್‌ಗೆ ಮಾರಿದ್ದನು. 1920ರ ಜನವರಿಯಲ್ಲಿ ಆ ಸುದ್ದಿ ಹೊರಬಿತ್ತು. ಅಂದಿನಿಂದ ತಂಡಕ್ಕೆ ಶಾಪ ತಟ್ಟಿದೆ ಎಂಬುದು ಜನರ ಮಾತು. 1946, 1967, 1975 ಮತ್ತು 1986ರಲ್ಲಿ ವಿಶ್ವ ಸರಣಿಯ ಏಳನೆಯ ಪಂದ್ಯದಲ್ಲಿಯೇ ತಂಡ ಎಡವಿದ್ದುದು ಈ ನಂಬಿಕೆಗೆ ಪುಷ್ಟಿ ನೀಡಿತು.

ಶಾಪದ ಮಾತಿನಲ್ಲಿ ಒಂದು ಅನುಕೂಲವಿದೆ: ಯಾರೂ ಲೆಕ್ಕ ಪರಿಶೀಲಿಸಬೇಕಾಗಿಲ್ಲ. ವ್ಯಾಪಾರದಲ್ಲಿಯೂ ಅಂಗಡಿಯ ದಿಕ್ಕು ಸರಿಯಿಲ್ಲ, ಈ ಬೀದಿಯಲ್ಲಿ ಯಾರೂ ಉದ್ಧಾರವಾಗಿಲ್ಲ ಎಂಬ ಮಾತುಗಳು ಇದೇ ಕೆಲಸ ಮಾಡುತ್ತವೆ. ರೆಡ್ ಸಾಕ್ಸ್ ಆಡಳಿತ ಇದಕ್ಕೆ ವ್ಯತಿರಿಕ್ತವಾಗಿ ನಡೆಯಿತು. 2002ರ ನವೆಂಬರ್‌ನಲ್ಲಿ 28 ವರ್ಷದ ಥಿಯೋ ಎಪ್‌ಸ್ಟೀನ್‌ನನ್ನು ಆಟಗಾರರ ಆಯ್ಕೆ ವ್ಯವಹಾರದ ಮುಖ್ಯಸ್ಥನನ್ನಾಗಿ ನೇಮಿಸಿತು. ಅಂಕಿ ಅಂಶಗಳ ತಜ್ಞ ಬಿಲ್ ಜೇಮ್ಸ್‌ನನ್ನು ಸಲಹೆಗಾರನನ್ನಾಗಿ ಕರೆತಂದಿತು.

ಎರಡನೆಯ ವಾದ: ಗೆಲ್ಲುವುದು ಹಣ

ಯಾಂಕೀಸ್ ವಿರೋಧಿಗಳ ನಿತ್ಯದ ದೂರು ಇದು. 2004ರಲ್ಲಿ ಆ ತಂಡದ ಸಂಬಳದ ಮೊತ್ತ ಸುಮಾರು 18.4 ಕೋಟಿ ಡಾಲರ್. ಹಾಗಿರುವಾಗ ಬಾಸ್ಟನ್ನಿನ ಗೆಲುವನ್ನು ಬಡವನು ಧನಿಕನನ್ನು ಸೋಲಿಸಿದ ಕಥೆಯಂತೆ ಹೇಳುವುದುಂಟು. ಆದರೆ ಬಾಸ್ಟನ್ನಿನ ವೆಚ್ಚವೂ ಸುಮಾರು 12.7 ಕೋಟಿ ಡಾಲರ್ ಇದ್ದು, ಅದು ಇಡೀ ಕ್ಷೇತ್ರದಲ್ಲಿ ಎರಡನೆಯ ಸ್ಥಾನದಲ್ಲಿತ್ತು ಎಂಬುದು ಗಮನಾರ್ಹ.

ಹಣದ ಪ್ರಭಾವ ಎಲ್ಲಿ ಕಾಣುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. 162 ಪಂದ್ಯಗಳ ದೀರ್ಘ ಋತುವಿನಲ್ಲಿ ಅದು ಸ್ಪಷ್ಟ: 1998ರಿಂದ 2006ರ ವರೆಗೆ ಪ್ರತಿ ವರ್ಷವೂ ಯಾಂಕೀಸ್ ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆಯಿತು. ಕಿರು ಸರಣಿಯಲ್ಲಿ ಅದೇ ಹಣ ಭರವಸೆ ನೀಡಲಾರದು: 2003ರ ವಿಶ್ವ ಸರಣಿಯಲ್ಲಿ ಇದೇ ಯಾಂಕೀಸ್ ತಂಡವನ್ನು, ಅದರ ಸಂಬಳದ ಮೂರನೆಯ ಒಂದು ಭಾಗದಷ್ಟು ಮಾತ್ರ ವೆಚ್ಚ ಮಾಡಿದ್ದ ಫ್ಲಾರಿಡಾ ಮಾರ್ಲಿನ್ಸ್ ಸೋಲಿಸಿತ್ತು.

ಹಣವನ್ನು ಹೇಗೆ ಹೂಡಲಾಯಿತು ಎಂಬುದೂ ಮುಖ್ಯ. ಈ ಸರಣಿಯ ಶ್ರೇಷ್ಠ ಆಟಗಾರನೆನಿಸಿದ ಡೇವಿಡ್ ಆರ್ಟಿಜ್‌ನನ್ನು ಮಿನ್ನೆಸೋಟಾ ಟ್ವಿನ್ಸ್ ತಂಡ 2002ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತ್ತು. ಬಾಸ್ಟನ್ ಅವನನ್ನು 12.5 ಲಕ್ಷ ಡಾಲರುಗಳಿಗೆ ಪಡೆಯಿತು. ಅದೇ ಚಳಿಗಾಲದಲ್ಲಿ ಬಿಲ್ ಮುಲ್ಲರ್, ಕೆವಿನ್ ಮಿಲ್ಲರ್, ಜೆರೆಮಿ ಜಿಯಾಂಬಿ ಮೊದಲಾದವರನ್ನೂ ಸೇರಿಸಿಕೊಂಡಿತು. ಇವರಲ್ಲಿ ಜಿಯಾಂಬಿ ವಿಫಲನಾದ. ಮುಲ್ಲರ್ 2003ರಲ್ಲಿ ಲೀಗ್‌ನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ಪಡೆದ. ಒಂದೇ ದೊಡ್ಡ ಖರೀದಿಯ ಮೇಲೆ ಎಲ್ಲವನ್ನೂ ಪಣಕ್ಕಿಡದೆ, ನಷ್ಟವನ್ನು ತಾಳಿಕೊಳ್ಳಬಲ್ಲ ಹಲವು ಸಣ್ಣ ಖರೀದಿಗಳನ್ನು ಮಾಡಿದ್ದರಿಂದ ಒಂದು ಸೋತರೂ ಮತ್ತೊಂದು ಕೈ ಹಿಡಿಯಿತು.

ಮೂರನೆಯ ವಾದ: ತಪ್ಪು ಮ್ಯಾನೇಜರ್‌ನದು

ಈ ವಾದ ಅರ್ಥವಾಗಬೇಕಾದರೆ ಒಂದು ವರ್ಷ ಹಿಂದೆ ಹೋಗಬೇಕು. 2003ರ ಅಕ್ಟೋಬರ್ 16ರಂದು ಇದೇ ಎರಡು ತಂಡಗಳ ನಡುವೆ ಸರಣಿಯ ಏಳನೆಯ ಪಂದ್ಯ. ಎಂಟನೆಯ ಇನಿಂಗ್ಸ್‌ನಲ್ಲಿ ಬಾಸ್ಟನ್ 5-2ರಿಂದ ಮುಂದಿತ್ತು. ಶ್ರೇಷ್ಠ ಎಸೆತಗಾರ ಪೆಡ್ರೊ ಮಾರ್ಟಿನೆಜ್ ಆಗಲೇ ನೂರು ಎಸೆತಗಳನ್ನು ಮುಗಿಸಿದ್ದ. ಯಾಂಕೀಸ್ ಒಂದು ಓಟ ಗಳಿಸಿದೊಡನೆ ಅಂದಿನ ಮ್ಯಾನೇಜರ್ ಗ್ರೇಡಿ ಲಿಟಲ್ ಮೈದಾನಕ್ಕೆ ಬಂದು, ಮುಂದುವರಿಯಬಲ್ಲೆಯಾ ಎಂದು ಅವನನ್ನೇ ವಿಚಾರಿಸಿದರು. ಬಲ್ಲೆ ಎಂದ. ಅವನನ್ನು ಉಳಿಸಿಕೊಂಡರು. ಮುಂದಿನ ಇಬ್ಬರ ಹೊಡೆತಗಳಲ್ಲಿ ಪಂದ್ಯ 5-5ಕ್ಕೆ ಸಮವಾಯಿತು. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಯಾಂಕೀಸ್ ಗೆದ್ದಿತು. ಎರಡು ವರ್ಷಗಳಲ್ಲಿ 93 ಮತ್ತು 95 ಪಂದ್ಯಗಳನ್ನು ಗೆಲ್ಲಿಸಿಕೊಟ್ಟಿದ್ದ ಲಿಟಲ್ ಅವರ ಒಪ್ಪಂದವನ್ನು ತಂಡ ನವೀಕರಿಸಲಿಲ್ಲ.

ಆ ಇಬ್ಬರೂ ಔಟಾಗಿದ್ದರೆ ‘ನಂಬಿಕಸ್ಥನ ಮೇಲೆ ವಿಶ್ವಾಸವಿಟ್ಟ ಧೀರ’ ಎಂದು ಅದೇ ಅಭಿಮಾನಿಗಳು ಲಿಟಲ್‌ರನ್ನು ಕೊಂಡಾಡುತ್ತಿದ್ದರು. ಆದರೆ ಆ ನಿರ್ಧಾರ ದುರ್ಬಲವೆನಿಸುವುದು ಸೋಲಿನಿಂದಲ್ಲ. ದಣಿದ ಮೇಲೆ ಮಾರ್ಟಿನೆಜ್‌ನ ಎಸೆತಗಳನ್ನು ಎದುರಾಳಿಗಳು ಸುಲಭವಾಗಿ ಹೊಡೆಯುತ್ತಾರೆಂಬ ಲೆಕ್ಕ ತಂಡದ ಬಳಿಯೇ ಇತ್ತು. ಆ ಸರಣಿಯಲ್ಲಿ ಉತ್ತಮವಾಗಿ ಆಡುತ್ತಿದ್ದ ಬೇರೆ ಎಸೆತಗಾರರು ಸಿದ್ಧರಾಗಿ ಕುಳಿತಿದ್ದರು. ಕೈಯಲ್ಲಿದ್ದ ಮಾಹಿತಿಯನ್ನು ಬಿಟ್ಟು ದಣಿದವನ ಅಭಿಪ್ರಾಯವನ್ನು ಆಧಾರವಾಗಿ ತೆಗೆದುಕೊಂಡದ್ದು ದೋಷ. ಸ್ವಾಭಿಮಾನಿಯಾದ ಕೆಲಸಗಾರ ‘ನನ್ನಿಂದಾಗದು’ ಎನ್ನುವುದು ಅಪರೂಪ. ಎರಡು ಪಾಳಿ ದುಡಿದ ಯಂತ್ರ ಚಾಲಕನನ್ನು ಮೂರನೆಯ ಪಾಳಿಗೂ ಸಿದ್ಧನಿದ್ದೀಯಾ ಎಂದು ಕೇಳುವ ಮಾಲೀಕ ಉತ್ತರವನ್ನು ಮೊದಲೇ ಊಹಿಸಬಹುದು.

ನಾಲ್ಕನೆಯ ವಾದ: ಒಂದು ಓಟ ಎಲ್ಲವನ್ನೂ ಬದಲಿಸಿತು

ರಾಬರ್ಟ್ಸ್ ಕದ್ದ ಆ ಬೇಸ್‌ನ ಬಗ್ಗೆ ಅಭಿಮಾನಿಗಳು ಇಂದಿಗೂ ಅಂಗುಲದ ಲೆಕ್ಕದಲ್ಲಿ ಚರ್ಚಿಸುತ್ತಾರೆ. ಡೆರೆಕ್ ಜೀಟರ್‌ನ ಕೈಗವಸು ಕ್ಷಣಾರ್ಧ ಮೊದಲು ತಾಗಿದ್ದರೆ ರಾಬರ್ಟ್ಸ್ ಔಟಾಗುತ್ತಿದ್ದ; ಫ್ರಾಂಕೋನಾ ಅವರನ್ನು ದುಡುಕಿನವರೆಂದು ಬಾಸ್ಟನ್ ದೂರುತ್ತಿತ್ತು.

ಇಲ್ಲಿಯೇ ಈ ಅಧ್ಯಯನದ ತಿರುಳಿದೆ. ಆ ಋತುವಿನಲ್ಲಿ ರಾಬರ್ಟ್ಸ್ 41 ಬಾರಿ ಬೇಸ್ ಕದಿಯಲು ಯತ್ನಿಸಿ 38 ಬಾರಿ ಯಶಸ್ವಿಯಾಗಿದ್ದ. ಅಂದರೆ ನೂರಕ್ಕೆ 93ರಷ್ಟು. ರಿವೇರಾನಂಥ ಎಸೆತಗಾರನ ಎದುರು ಸತತವಾಗಿ ಹೊಡೆತಗಳು ದೊರೆಯುವುದು ಅದಕ್ಕಿಂತ ಬಹಳ ಕಷ್ಟ. ಆದ್ದರಿಂದ ಓಡಿಸುವ ನಿರ್ಧಾರ ಸರಿಯಾಗಿತ್ತು. ರಾಬರ್ಟ್ಸ್ ಔಟಾಗಿದ್ದರೂ ಅದು ಸರಿಯಾಗಿಯೇ ಇರುತ್ತಿತ್ತು.

ಇನ್ನೊಂದು ಅಂಶವನ್ನೂ ಮರೆಯಬಾರದು. ರಾಬರ್ಟ್ಸ್‌ನನ್ನು ತಂಡ ಪಡೆದದ್ದು ಜುಲೈ 31ರಂದು. ಆ ವರ್ಷದ ಇಡೀ ಪ್ಲೇ ಆಫ್ ಹಂತದಲ್ಲಿ ಅವನು ಒಮ್ಮೆಯೂ ದಾಂಡು ಹಿಡಿಯಲಿಲ್ಲ. ಬೇಕಾದ ಗಳಿಗೆಯಲ್ಲಿ ಓಡಲು ಒಬ್ಬ ವೇಗಿ ಇರಲಿ ಎಂದು ತಂಡ ಎರಡೂವರೆ ತಿಂಗಳ ಮೊದಲೇ ಏರ್ಪಾಡು ಮಾಡಿಕೊಂಡಿತ್ತು. ಬಿಡಿಭಾಗವನ್ನು ಯಂತ್ರ ಕೆಟ್ಟ ದಿನ ಹುಡುಕುವವನಿಗೂ ಮೊದಲೇ ಕಪಾಟಿನಲ್ಲಿಟ್ಟವನಿಗೂ ಇರುವ ವ್ಯತ್ಯಾಸವಿದು.

ಐದನೆಯ ವಾದ: ಬರೀ ಅದೃಷ್ಟ

ಯಾಂಕೀಸ್ ಅಭಿಮಾನಿಗಳ ಈ ವಾದದಲ್ಲಿ ಅರ್ಧ ಸತ್ಯವಿದೆ. ಪ್ರತಿ ಪಂದ್ಯದಲ್ಲಿ ನೂರಕ್ಕೆ 55ರಷ್ಟು ಗೆಲ್ಲುವ ಸಾಧ್ಯತೆಯುಳ್ಳ ತಂಡ ಏಳು ಪಂದ್ಯಗಳ ಸರಣಿಯನ್ನು ಗೆಲ್ಲುವ ಸಾಧ್ಯತೆ ಗಣಿತದ ಪ್ರಕಾರ ನೂರಕ್ಕೆ ಸುಮಾರು 61 ಮಾತ್ರ. ಅಂದರೆ ಹತ್ತು ಸರಣಿಗಳಲ್ಲಿ ಸುಮಾರು ನಾಲ್ಕನ್ನು ಉತ್ತಮ ತಂಡವೇ ಕಳೆದುಕೊಳ್ಳುತ್ತದೆ. ಹಾಗೆಯೇ ಎರಡು ಸಮಬಲದ ತಂಡಗಳಲ್ಲಿ ಒಂದು 0-3ರಿಂದ ಹಿಂದಿದ್ದರೆ ಉಳಿದ ನಾಲ್ಕನ್ನೂ ಗೆಲ್ಲುವ ಸಾಧ್ಯತೆ 16ರಲ್ಲಿ ಒಂದು. ಕಷ್ಟಸಾಧ್ಯ, ಆದರೆ ಪವಾಡವಲ್ಲ. ಆ ಋತುವಿನಲ್ಲಿ ಈ ಎರಡು ತಂಡಗಳು ಪರಸ್ಪರ ಆಡಿದ್ದ 19 ಪಂದ್ಯಗಳಲ್ಲಿ ಬಾಸ್ಟನ್ 11 ಗೆದ್ದಿತ್ತು. ಮೂರು ದಿನಗಳ ಸೋಲಿಗಿಂತ ಆ ದೊಡ್ಡ ಲೆಕ್ಕವನ್ನು ನೆಚ್ಚಿದವನಿಗೆ ತಂಡ ದುರ್ಬಲವಲ್ಲವೆಂದು ತಿಳಿದಿರುತ್ತಿತ್ತು.

ಅದೃಷ್ಟ ಒದಗುವವರೆಗೆ ಕಣದಲ್ಲಿ ಉಳಿಯುವುದು ಮಾತ್ರ ಆಡಳಿತದ ಕೆಲಸ. ಮೂರನೆಯ ಪಂದ್ಯ ಕೈಮೀರುತ್ತಿದ್ದಾಗ, ಮರುದಿನದ ಪಂದ್ಯವನ್ನು ಆರಂಭಿಸಬೇಕಾಗಿದ್ದ ಎಸೆತಗಾರ ಟಿಮ್ ವೇಕ್‌ಫೀಲ್ಡ್ ತಾನಾಗಿಯೇ ಮುಂದೆ ಬಂದ. ಆ ಸೋತ ಪಂದ್ಯದಲ್ಲಿ ಮೂರು ಇನಿಂಗ್ಸ್‌ಗೂ ಹೆಚ್ಚು ಎಸೆದು, ಉಳಿದ ಎಸೆತಗಾರರ ತೋಳಿಗೆ ವಿಶ್ರಾಂತಿ ದೊರಕಿಸಿದ. ಅವನ ಲೆಕ್ಕಕ್ಕೆ ಐದು ಓಟಗಳು ಬರೆಯಲ್ಪಟ್ಟವು. ಮರುದಿನದ ಗೌರವದ ಅವಕಾಶವೂ ತಪ್ಪಿತು. ಆದರೆ ಮುಂದಿನ ಎರಡು ರಾತ್ರಿ ಪಂದ್ಯಗಳು ಬೆಳೆಯುತ್ತ ಹೋದಾಗ ಬಾಸ್ಟನ್ನಿಗೆ ದಣಿಯದ ಎಸೆತಗಾರರು ಉಳಿದಿದ್ದರು. ಐದನೆಯ ಪಂದ್ಯದ ಕೊನೆಯ ಮೂರು ಇನಿಂಗ್ಸ್‌ಗಳನ್ನು ಓಟ ನೀಡದೆ ಮುಗಿಸಿ ಗೆಲುವಿಗೆ ಪಾತ್ರನಾದವನೂ ಅದೇ ವೇಕ್‌ಫೀಲ್ಡ್. 19-8 ಎಂಬ ಅಂಕೆ ನೋಡಿದ ಅಭಿಮಾನಿಗೆ ಅಂದು ಕಂಡದ್ದು ಅವಮಾನ. ನಾಳಿನ ಬಂಡವಾಳ ಉಳಿದದ್ದು ಕಾಣಲಿಲ್ಲ.

ವ್ಯವಹಾರಕ್ಕೆ ಅನ್ವಯ

ಒಂದು ಕಾಲ್ಪನಿಕ ಉದಾಹರಣೆ. ಸಣ್ಣ ತಯಾರಕನೊಬ್ಬನಿಗೆ ಬರುವ ಒಂದು ಬಗೆಯ ಬೇಡಿಕೆಯಲ್ಲಿ ಹತ್ತಕ್ಕೆ ಆರು ಬಾರಿ ಒಂದು ಲಕ್ಷ ರೂಪಾಯಿ ಲಾಭ, ನಾಲ್ಕು ಬಾರಿ 50 ಸಾವಿರ ರೂಪಾಯಿ ನಷ್ಟ ಎಂದಿಟ್ಟುಕೊಳ್ಳೋಣ. ಸರಾಸರಿಯಲ್ಲಿ ಪ್ರತಿ ಬೇಡಿಕೆಗೂ 40 ಸಾವಿರ ರೂಪಾಯಿ ಲಾಭವಿರುವುದರಿಂದ ಒಪ್ಪಿಕೊಳ್ಳುವುದು ಸರಿ. ಆದರೂ ಮೊದಲ ಮೂರು ಬೇಡಿಕೆಗಳೂ ನಷ್ಟಕ್ಕೊಳಗಾಗುವ ಸಾಧ್ಯತೆ ನೂರಕ್ಕೆ ಆರಕ್ಕಿಂತ ಹೆಚ್ಚಿದೆ. ಒಂದೂವರೆ ಲಕ್ಷದ ಆ ಪೆಟ್ಟನ್ನು ತಡೆಯಲಾರದ ತಯಾರಕ ಸರಿಯಾದ ನಿರ್ಧಾರ ಮಾಡಿಯೂ ಬಾಗಿಲು ಮುಚ್ಚಬೇಕಾಗುತ್ತದೆ. ಆದ್ದರಿಂದ ಎರಡು ಪ್ರಶ್ನೆಗಳನ್ನು ಸದಾ ಜೊತೆಯಾಗಿ ಕೇಳಬೇಕು: ಲೆಕ್ಕ ಅನುಕೂಲಕರವಾಗಿದೆಯೇ? ಸತತವಾಗಿ ಮೂರು ಬಾರಿ ಸೋತರೂ ಸಂಸ್ಥೆ ಉಳಿಯುತ್ತದೆಯೇ?

ಇದಕ್ಕೆ ನೆರವಾಗಲು ಜಮಾ ಖರ್ಚಿನ ಪುಸ್ತಕದ ಜೊತೆಗೆ ಒಂದು ನಿರ್ಧಾರ ಪುಸ್ತಕವನ್ನೂ ಇಡುವುದು ಒಳ್ಳೆಯದು. ದೊಡ್ಡ ಖರೀದಿ, ಉದ್ರಿ, ನೇಮಕ, ಯಂತ್ರ ಹೂಡಿಕೆ ಮುಂತಾದ ಸಂದರ್ಭಗಳಲ್ಲಿ ಅಂದೇ ಈ ಐದು ಅಂಶಗಳನ್ನು ಬರೆಯಬೇಕು:

1. ನಿರ್ಧಾರದ ದಿನಾಂಕ ಮತ್ತು ವಿಷಯ.
2. ಆ ದಿನ ತಿಳಿದಿದ್ದ ಮಾಹಿತಿ. ಅದು ಯಾರಿಂದ ಬಂತು.
3. ಇದ್ದ ಬೇರೆ ದಾರಿಗಳು. ಅವುಗಳನ್ನು ಬಿಟ್ಟ ಕಾರಣ.
4. ನಿರೀಕ್ಷಿತ ಲಾಭ, ತಾಳಿಕೊಳ್ಳಬಹುದಾದ ಗರಿಷ್ಠ ನಷ್ಟ.
5. ಯಾವ ಸೂಚನೆ ಕಂಡರೆ ನಿರ್ಧಾರವನ್ನು ಬದಲಿಸಬೇಕು.

ಹಂಗಾಮಿನ ಕೊನೆಯಲ್ಲಿ ಮೊದಲು ಈ ಪುಸ್ತಕವನ್ನು ಓದಿ, ಅನಂತರ ಲಾಭ ನಷ್ಟದ ಅಂಕೆಯನ್ನು ನೋಡಬೇಕು. ಸರಿಯಾದ ನಿರ್ಧಾರದಿಂದ ನಷ್ಟವಾಗಿದ್ದರೆ ಪದ್ಧತಿಯನ್ನು ಉಳಿಸಿಕೊಳ್ಳಬೇಕು. ನಿರ್ಧಾರ ಮಾಡಿದವನನ್ನು ದಂಡಿಸಬಾರದು. ತಪ್ಪು ನಿರ್ಧಾರದಿಂದ ಲಾಭವಾಗಿದ್ದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಏಕೆಂದರೆ ಅದನ್ನು ಪ್ರಶ್ನಿಸುವವರು ಯಾರೂ ಇರುವುದಿಲ್ಲ. ಪರಿಚಯದ ಮೇಲೆ, ವಿಚಾರಿಸದೆ ಕೊಟ್ಟ ಉದ್ರಿ ಈ ವರ್ಷ ವಸೂಲಾಯಿತೆಂಬ ಮಾತ್ರಕ್ಕೆ ಮುಂದಿನ ವರ್ಷ ದುಪ್ಪಟ್ಟು ಉದ್ರಿ ಕೊಡಲು ಅದು ಆಧಾರವಾಗದು.

2020ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡವೂ ಇದೇ ಲೀಗ್ ಸರಣಿಯಲ್ಲಿ 0-3ರಿಂದ 3-3ಕ್ಕೆ ಏರಿ, ಏಳನೆಯ ಪಂದ್ಯದಲ್ಲಿ ಟ್ಯಾಂಪಾ ಬೇ ತಂಡಕ್ಕೆ ಸೋತಿತು. ಅದರ ಹೆಸರನ್ನು ಸ್ಮರಿಸುವವರು ಕಡಿಮೆ. ಅಭಿಮಾನಿಗಳು ಫಲವನ್ನು ನೆನಪಿಡಲಿ. ಅದು ಅವರ ಹಕ್ಕು. ಮುಂದಿನ ಹಂಗಾಮಿಗೂ ಅಂಗಡಿ ತೆರೆಯಬೇಕಾದ ವರ್ತಕ, ಫಲದ ಹಿಂದಿನ ನಿರ್ಧಾರವನ್ನು ನೆನಪಿಡಬೇಕು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಕಳೆದ ಮೂರು ವರ್ಷಗಳಲ್ಲಿ ಸಂಸ್ಥೆಗೆ ಅತಿ ಹೆಚ್ಚು ಲಾಭ ತಂದ ನಿರ್ಧಾರ ಯಾವುದು? ಅಂದಿದ್ದ ಮಾಹಿತಿಯನ್ನಷ್ಟೇ ಗಮನಿಸಿದರೆ ಅದು ಸಮರ್ಥನೀಯವೇ?

2. 2004ರ ಆರನೆಯ ಪಂದ್ಯದಲ್ಲಿ ಬಾಸ್ಟನ್ನಿನ ಕರ್ಟ್ ಷಿಲ್ಲಿಂಗ್, ಪಾದದ ಗಂಟಿನ ಸ್ನಾಯುರಜ್ಜುವನ್ನು ಹಿಡಿದಿಡಲು ವೈದ್ಯರು ಹೊಲಿಗೆ ಹಾಕಿದ್ದ ಸ್ಥಿತಿಯಲ್ಲಿ ಏಳು ಇನಿಂಗ್ಸ್ ಎಸೆದು ಒಂದೇ ಓಟ ನೀಡಿದ. ಚೆಂಡನ್ನು ಮೆಲ್ಲಗೆ ತಟ್ಟಿ ಅವನನ್ನು ಓಡಾಡಿಸುವ ತಂತ್ರವನ್ನು ಯಾಂಕೀಸ್ ಅನುಸರಿಸಲಿಲ್ಲ. ತಮ್ಮ ಎಂದಿನ ಹೊಡೆತದ ಆಟವನ್ನೇ ಆಡಿದರು. ಇದು ತಪ್ಪೆಂದು ಅವರ ಅಭಿಮಾನಿಗಳು ಈಗಲೂ ವಾದಿಸುತ್ತಾರೆ. ಫಲವನ್ನು ಬದಿಗಿಟ್ಟು ಈ ನಿರ್ಧಾರವನ್ನು ತೂಗಿರಿ. ಪ್ರತಿಸ್ಪರ್ಧಿಯ ದೌರ್ಬಲ್ಯ ಕಂಡಾಗ ತನಗೆ ಒಗ್ಗಿದ ರೀತಿಯನ್ನು ಬದಲಿಸುವುದು ಯಾವಾಗ ಯುಕ್ತ?

3. ಸೋಲು ಖಚಿತವಾದ ದಿನ ನಾಳೆಗಾಗಿ ಉಳಿಸಿಕೊಳ್ಳಬಹುದಾದ ಸಂಪನ್ಮೂಲಗಳು ಸಂಸ್ಥೆಯಲ್ಲಿ ಯಾವುವು? ಅವುಗಳನ್ನು ಉಳಿಸಲು ಸ್ವಂತ ಅವಕಾಶವನ್ನು ಬಿಟ್ಟುಕೊಟ್ಟ ನೌಕರನ ಸೇವೆ ಲೆಕ್ಕಕ್ಕೆ ಬರುತ್ತಿದೆಯೇ?